ಮಲೆನಾಡಿನ ಮಣ್ಣಿಗೆ ಮೊದಲು ಸುಣ್ಣ, ಆಮೇಲೆ ಗೊಬ್ಬರ

ಮಾನ್ಯರೇ,

ಮುಂಗಾರು ಹತ್ತಿರವಾದರೆ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಎಲ್ಲರ ಬಾಯಲ್ಲೂ ಯೂರಿಯಾ, ಡಿಎಪಿಯದೇ ಮಾತು. ಮಣ್ಣಿನ ಹುಳಿ ತಗ್ಗಿಸುವ ಸುಣ್ಣ ಬಂತಾ ಎಂದು ಕೇಳುವವರು ಕಡಿಮೆ. ಇಲ್ಲಿನ ಜಡಿಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದೊಯ್ದು ಹುಳಿ ಉಳಿಸುತ್ತದೆ. ರಸಸಾರ (ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ. ಡಿಎಪಿಯಲ್ಲಿ ಹಾಕಿದ ರಂಜಕವೂ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರಿ ಗಿಡಕ್ಕೆ ಸಿಗದಂತಾಗುತ್ತದೆ. ಅಂಥ ಹೊಲಕ್ಕೆ ಇನ್ನೊಂದು ಮೂಟೆ ಡಿಎಪಿ ಸುರಿದರೆ ದುಡ್ಡು ನಿಜಕ್ಕೂ ಮಣ್ಣುಪಾಲು. ಯೂರಿಯಾ ಕೂಡ ಹುಳಿ ಹೆಚ್ಚಿಸುತ್ತದೆ. 45 ಕೆ.ಜಿ. ಮೂಟೆಯಲ್ಲಿ 20.7 ಕೆ.ಜಿ. ಸಾರಜನಕವಿದೆ, ಅದರಿಂದ ಹುಟ್ಟಬಹುದಾದ ಹುಳಿಯನ್ನು ತಗ್ಗಿಸಲು ಸುಮಾರು 37 ಕೆ.ಜಿ. ಶುದ್ಧ ಸುಣ್ಣಕಲ್ಲಿನ ಪುಡಿ ಬೇಕು.

ಎಕರೆಗೆ ಎಷ್ಟು ಹಾಕಬೇಕು ಎಂಬುದನ್ನು ರಸಸಾರವೊಂದೇ ಹೇಳದು. ರಸಸಾರ 5.2 ಇರುವ ಮರಳು ಮಣ್ಣಿಗೆ ಸಾಕಾಗುವ ಸುಣ್ಣ, ಅದೇ ರಸಸಾರದ ಜೇಡಿ ಮಣ್ಣಿಗೆ ಸಾಲದು. ಯಾವ ಮಣ್ಣಿಗೆ ಎಷ್ಟು ಸುಣ್ಣ ಬೇಕೆಂದು ಅಳೆಯಲೆಂದೇ ಬಫರ್ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಮಳೆಯಾಶ್ರಿತ ಪ್ರದೇಶದ 10 ಹೆಕ್ಟೇರಿಗೆ ಒಂದು ಮಾದರಿ ಎಂದು ಲೆಕ್ಕ ಹಾಕಿದರು. ಬಯಲುಸೀಮೆಗೆ ಅದು ನಡೆದೀತು. ನಮ್ಮಲ್ಲಿ ಅಷ್ಟು ಜಾಗದೊಳಗೆ ಗದ್ದೆ, ದಿಣ್ಣೆ ಹೊಲ, ಕಾಫಿ ತೋಟ ಮೂರೂ ಬರುತ್ತವೆ!

ಆದ್ದರಿಂದ ಮೂರಕ್ಕೂ ಬೇರೆ ಬೇರೆ ಮಾದರಿ ತೆಗೆಯಿರಿ. ಅಂಕುಡೊಂಕಾಗಿ ನಡೆದು ಎಂಟು-ಹತ್ತು ಕಡೆ, ಹೊಲದಲ್ಲಿ 15 ಸೆಂ.ಮೀ., ಕಾಫಿಯಲ್ಲಿ 9 ಇಂಚು ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕೆ.ಜಿ.ಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಬದು, ತಿಪ್ಪೆ, ಮರದ ಬುಡ ಬೇಡ. ಹಳೆಯ ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬೇಡಿ, ಫಲಿತಾಂಶವೇ ಕೆಟ್ಟುಹೋಗುತ್ತದೆ.

ಸುಣ್ಣದ ಪುಡಿ ಹಿಟ್ಟಿನಂತೆ ನುಣ್ಣಗಿರಬೇಕು. ತರಿತರಿ ಕಲ್ಲು ವರ್ಷಗಟ್ಟಲೆ ಕರಗುವುದಿಲ್ಲ. ಮೊದಲ ಮಳೆಯ ಹದದಲ್ಲಿ ಎರಚಿ ಮಣ್ಣಿಗೆ ಬೆರೆಸಿ, ಮೂರು-ನಾಲ್ಕು ವಾರ ಬಿಟ್ಟು ಗೊಬ್ಬರ ಕೊಡಿ. ಯೂರಿಯಾ, ಡಿಎಪಿ ಜೊತೆಗೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕಾಫಿಗೆ ಮಳೆಗಾಲ ಮುಗಿದು ತೇವ ಉಳಿದಿರುವಾಗ ಹಾಕುವುದು ವಾಸಿ. ಮೆಗ್ನೀಸಿಯಂ ಕೊರತೆಯೂ ಇದ್ದರೆ ಮೆಗ್ನೀಸಿಯಂ ಕೂಡ ಇರುವ ಸುಣ್ಣಕಲ್ಲಾದ ಡೋಲಮೈಟ್ ಒಳ್ಳೆಯದು. ನೀರು ನಿಂತ ಭತ್ತದ ಗದ್ದೆಯಲ್ಲಿ ಹುಳಿ ತಾನಾಗಿಯೇ ತಗ್ಗುವುದರಿಂದ ಅಲ್ಲಿಗೆ ಅವಸರವಿಲ್ಲ. ಆಲೂಗಡ್ಡೆ ಬಿತ್ತನೆಗೆ ಮುಂಚೆ ಸುಣ್ಣ ಸುರಿದರೆ ಗೆಡ್ಡೆಯ ಸಿಪ್ಪೆಗೆ ಕಜ್ಜಿ ರೋಗ ಹೆಚ್ಚುತ್ತದೆ. ಅಳತೆ ಮೀರಿದರೆ ಸತು, ಬೋರಾನ್ ಕೊರತೆ ಕಾಣಿಸುತ್ತದೆ. ಅರಸೀಕೆರೆ, ಕಡೂರಿನ ಒಣಭೂಮಿಯವರು ಪರೀಕ್ಷೆ ಮಾಡಿಸದೆ ಸುಣ್ಣದ ಗೊಡವೆಗೇ ಹೋಗಬಾರದು.

ಪಾಳು ಬಿದ್ದ ಹೊಲಕ್ಕೆ ಹುಡುಗರು ಮರಳಬೇಕು ಎಂದು ವೇದಿಕೆಗಳಲ್ಲಿ ಹೇಳುವುದು ಸುಲಭ. ಹುಳಿ ಮಣ್ಣನ್ನೇ ಅವರ ಕೈಗಿಟ್ಟರೆ ಎಷ್ಟು ದಿನ ನಿಂತಾರು? ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಕೃಷಿ ಇಲಾಖೆ ಮಲೆನಾಡು ತಾಲ್ಲೂಕುಗಳಲ್ಲಿ ಬಫರ್ ಪರೀಕ್ಷೆಗೆ ಅನುಕೂಲ ಮಾಡಲಿ. ಏಪ್ರಿಲ್ ಒಳಗೆ ರೈತ ಸಂಪರ್ಕ ಕೇಂದ್ರಗಳಿಗೆ ಸುಣ್ಣ ಬರಲಿ, ಚೀಲದ ಮೇಲೆ ಅದರ ಹುಳಿ ತಗ್ಗಿಸುವ ಶಕ್ತಿ ಮತ್ತು ಪುಡಿಯ ನುಣುಪು ಎಷ್ಟೆಂದು ಅಚ್ಚಾಗಿರಲಿ.

– ಕೃಷಿ ಪದವೀಧರ ಓದುಗರು, ಸಕಲೇಶಪುರ