ಅಜ್ಜನ ಕೋವಿ ಕೇಳಿದ ಮಗಳಿಗೆ

ಪ್ರೀತಿಯ ಪುಟ್ಟಿ,

ಆಯುಧ ಪೂಜೆ ದಿನ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಕುಡುಗೋಲು, ಮಚ್ಚು, ನಿನ್ನ ಟ್ರ್ಯಾಕ್ಟರು, ನನ್ನ ಹಳೇ ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಾಗಿತ್ತು. ಅಜ್ಜನ ಜೋಡಿನಳಿಗೆ ಕೋವಿಗೆ ಸೇವಂತಿಗೆ ಹಾರ ಹಾಕುತ್ತಿದ್ದೆ. ನೀನು ಪಕ್ಕಕ್ಕೆ ಬಂದು, "ಅಪ್ಪ, ಇದನ್ನ ನನ್ನ ಹೆಸರಿಗೆ ಮಾಡ್ಕೊಡು" ಅಂದೆ. ನಿನ್ನ ದೊಡ್ಡಪ್ಪ, "ಹೆಣ್ಣುಮಗಳಿಗೆ ಕೋವಿ ಯಾಕಮ್ಮ?" ಅಂದುಬಿಟ್ಟರು. ನಾನು ಸುಮ್ಮನಾದೆ. ಅವರ ಮಾತೇ ಸರಿ ಅನ್ನಿಸಿ ಸುಮ್ಮನಾದೆ ಅಂತ ನೀನು ತಿಳಿದುಕೊಂಡಿದ್ದೀಯಂತೆ, ಅಮ್ಮ ಹೇಳಿದಳು. ಅದಕ್ಕೇ ಈ ಕಾಗದ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ.

28 ವರ್ಷದಿಂದ ಮೈಸೂರಿನಲ್ಲಿ ಗುರಿ ಹೊಡೆಯೋದು ಕಲಿಸುತ್ತಿದ್ದೇನೆ. ನನ್ನ ಹತ್ತಿರ ಬಂದವರಲ್ಲಿ ಹೆಣ್ಣುಮಕ್ಕಳೇ ಬೇಗ ಕಲಿತಿದ್ದಾರೆ. ಹುಡುಗರು ಸಿನಿಮಾದಲ್ಲಿ ನೋಡಿದ್ದನ್ನು ಮೊದಲು ಮರೆಯಬೇಕು, ಅದಕ್ಕೇ ಎರಡು ತಿಂಗಳು ಹೋಗುತ್ತದೆ. ಹುಡುಗಿಯರು ಹೇಳಿದ್ದನ್ನು ಕೇಳಿ, ಅರ್ಧ ಉಸಿರು ಬಿಟ್ಟು, ಕುದುರೆಯನ್ನು, ಅಂದರೆ ಟ್ರಿಗರನ್ನು, ನಿಧಾನಕ್ಕೆ ಒತ್ತುತ್ತಾರೆ. 10 ಮೀಟರ್ ಏರ್ ಪಿಸ್ತೂಲಿನ ಗುರಿಕಾಗದದಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ. ಅದಕ್ಕೆ ಹೊಡೆಯಲು ತೋಳಿನ ಬಲ ಬೇಕಿಲ್ಲ, ತಾಳ್ಮೆ ಬೇಕು. ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದ ಮೇಲಂತೂ ನಮ್ಮಲ್ಲಿಗೆ ಬರುವ ಹುಡುಗಿಯರು ಜಾಸ್ತಿಯಾಗಿದ್ದಾರೆ. ಹೆಣ್ಣುಮಗಳಿಗೆ ಕೋವಿ ಯಾಕೆ ಅನ್ನೋ ಪ್ರಶ್ನೆ ನನ್ನದಲ್ಲ ಪುಟ್ಟಿ. ಯಾವ ಕೆಲಸಕ್ಕೆ ಬೇಕು ಅನ್ನೋದು ನನ್ನ ಪ್ರಶ್ನೆ.

ಯಾಕೆ ಬೇಕು ಅಂದರೆ ನೀನು ಮೊದಲು ಚಿರತೆ ಅಂದೆ. ಕಬ್ಬಿನ ಗದ್ದೆ ಬದುವಿನಲ್ಲಿ ಹೆಜ್ಜೆ ನೋಡಿದ ಮೇಲೆ ನಿನಗೆ ನಿದ್ದೆ ಬರುತ್ತಿಲ್ಲ, ನನಗೆ ಅರ್ಥವಾಗುತ್ತದೆ. 2022ರ ಕೊನೆಯಲ್ಲಿ ತಿ. ನರಸೀಪುರದ ಕಡೆ ಚಿರತೆ ದಾಳಿಗೆ ಜನ ಸತ್ತದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಚಿರತೆಗೆ ಗುಂಡು ಹೊಡೆಯುವ ಹಾಗಿಲ್ಲ. ನಿನ್ನ ಮೇಲೇ ಎರಗಿ, ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ವನ್ಯಜೀವಿ ಕಾಯ್ದೆ ಅದನ್ನು ಅಪರಾಧ ಅನ್ನುವುದಿಲ್ಲ. ಆ ಹೊತ್ತಿಗೆ ನಿನ್ನ ಕೈಯಲ್ಲಿ ತುಂಬಿದ ಕೋವಿ ಇರುವುದಿಲ್ಲ, ಬಕೆಟ್ಟು ಇರುತ್ತದೆ. ಕೊಟ್ಟಿಗೆಗೆ ಲೈಟು ಹಾಕಿಸು. ಸೂರ್ಯ ಮುಳುಗಿದ ಮೇಲೆ ಮಗ ಚಿನ್ನುವನ್ನು ಅಂಗಳಕ್ಕೆ ಒಬ್ಬನೇ ಬಿಡಬೇಡ. ನಾಯಿಯನ್ನು ಹೊರಗೆ ಕಟ್ಟಬೇಡ, ಚಿರತೆ ಬರೋದೇ ನಾಯಿಗೆ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ ಬೋನು ಇಡಿಸು.

ಪಂಪ್‌ಸೆಟ್ಟಿನ ಕೇಬಲ್ ಕದ್ದರು ಅಂದೆ. ಕೇಬಲ್ ಹೊತ್ತುಕೊಂಡು ನಾಲೆ ಏರಿ ಮೇಲೆ ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಜೈಲಿಗೆ ಹೋಗುವವಳು ನೀನು. ಹೋಗಬೇಕಾದ್ದೂ ನ್ಯಾಯವೇ. ತಾಮ್ರದ ತಂತಿಗೆ ಒಂದು ಜೀವದ ಬೆಲೆ ಇಲ್ಲ.

ಮೂರನೆಯದನ್ನು ನೀನು ಬಾಯಿಬಿಟ್ಟು ಹೇಳಲಿಲ್ಲ. ಅಳಿಯಂದಿರು ವಾರದಲ್ಲಿ ನಾಲ್ಕು ರಾತ್ರಿ ಊರಲ್ಲಿರುವುದಿಲ್ಲ. ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್. ಪಾಂಡವಪುರದಿಂದ ಪೊಲೀಸ್ ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅನ್ನೋ ಭಯ ನಿನಗೆ. ಈ ಭಯವನ್ನು ನಾನು ಹಗುರ ಮಾಡುವುದಿಲ್ಲ. ನನಗೂ ಅದೇ ಭಯ ಇದೆ.

ಕಾನೂನು ಇಲ್ಲಿ ನಿನ್ನ ಪರ ಇದೆ, ಸರಿಯಾಗಿ ತಿಳಿದುಕೊ. ಹಿಂದೆ ಐಪಿಸಿಯಲ್ಲಿದ್ದ ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ಸಾಯಿಸುತ್ತಾರೆ, ಭಾರಿ ಗಾಯ ಮಾಡುತ್ತಾರೆ, ಅತ್ಯಾಚಾರ ಮಾಡುತ್ತಾರೆ, ಎತ್ತಿಕೊಂಡು ಹೋಗುತ್ತಾರೆ, ಆಸಿಡ್ ಎರಚುತ್ತಾರೆ ಅನ್ನುವ ನಿಜವಾದ ಭಯ ಇದ್ದರೆ, ತಡೆಯುವಾಗ ಎದುರಿನವನ ಪ್ರಾಣ ಹೋದರೂ ಅದು ಅಪರಾಧ ಅಲ್ಲ. ಆ ಗಳಿಗೆಯಲ್ಲಿ ಎಷ್ಟು ಬಲ ಬೇಕು ಅಂತ ಚಿನ್ನದ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ. ಪೊಲೀಸರನ್ನು ಕರೆಯುವಷ್ಟು ಸಮಯ ಇದ್ದರೆ ಕರೆಯಲೇಬೇಕು. ಅಪಾಯ ಮುಗಿದ ಕ್ಷಣಕ್ಕೆ ಹಕ್ಕೂ ಮುಗಿಯಿತು. ಇದೆಲ್ಲ ಹೀಗೇ ನಡೆಯಿತು ಅಂತ ಆಮೇಲೆ ಕೋರ್ಟಿನಲ್ಲಿ ತೋರಿಸಬೇಕಾದವಳೂ ನೀನೇ.

ಈಗ ಇಷ್ಟು ವರ್ಷ ಮುಚ್ಚಿಟ್ಟ ಒಂದು ವಿಷಯ ಹೇಳುತ್ತೇನೆ. ಹಳೇ ಮನೆಯ ನಡುಮನೆ ಮೇಲೆ ನಾಲ್ಕು ಹೆಂಚು ಬೇರೆ ಬಣ್ಣದವು ಇದ್ದವಲ್ಲ? ಕೋತಿ ಒಡೆದದ್ದು ಅಂತ ನಿನಗೆ ಹೇಳಿದ್ದೆ. ಕೋತಿ ಅಲ್ಲ ಪುಟ್ಟಿ. ನಾನು.

1996. ನಿನಗೆ ಆಗ ಮೂರು ವರ್ಷ. ಸಂಜೆ ಕೋವಿ ಒರೆಸಲು ಕೂತಿದ್ದೆ, ಕರೆಂಟ್ ಹೋಯಿತು. ಲಾಟೀನು ಬೆಳಕಿನಲ್ಲಿ ಕೋವಿ ಮಡಚಿ ಬಲಗಡೆಯ ತೋಟಾ ತೆಗೆದೆ. ಎಡಗಡೆಯದು ಕಾಗದದ ತೋಟಾ, ಥಂಡಿಗೆ ಉಬ್ಬಿ ಸಿಕ್ಕಿಕೊಂಡಿತ್ತು. ನಳಿಗೆ ಒರೆಸುವ ಕಡ್ಡಿ, ಗಜ, ತಂದು ತಳ್ಳೋಣ ಅಂತ ಎದ್ದೆ. ಬಾಗಿಲಲ್ಲಿ ಯಾರೋ ಕೂಗಿದರು. ಕೋವಿ ಮುಚ್ಚಿ ಗೋಡೆಗೆ ಒರಗಿಸಿ ಹೋದೆ. ಅರ್ಧ ಗಂಟೆ ಹರಟೆ ಹೊಡೆದು ಬಂದೆ. ಎರಡೂ ತೆಗೆದಿದ್ದೇನೆ ಅಂತಲೇ ಮನಸ್ಸು ಹೇಳಿತು. ಸ್ಪ್ರಿಂಗು ಸಡಿಲ ಮಾಡಲು ಕುದುರೆ ಎಳೆದೆ.

ಆ ಸದ್ದು ಈಗಲೂ ನನ್ನ ಎಡಗಿವಿಯಲ್ಲಿದೆ. ಹೆಂಚಿನ ಚೂರು, ಮಸಿ, ಜೇಡರ ಬಲೆ ಎಲ್ಲ ನಿನ್ನ ಹೊದಿಕೆ ಮೇಲೆ ಬಿತ್ತು. ನೀನು ಆರಡಿ ದೂರದಲ್ಲಿ ಚಾಪೆ ಮೇಲೆ ಮಲಗಿದ್ದೆ. ಎದ್ದು ಕೂತು ಅಳಲೂ ಇಲ್ಲ, ಬಾಯಿ ತೆರೆದು ನನ್ನನ್ನೇ ನೋಡಿದೆ. ಕಾಲೇಜಿನ ಎನ್‌ಸಿಸಿಯಲ್ಲಿ ಮೊದಲ ದಿನ ಹವಾಲ್ದಾರರು ಕಲಿಸಿದ್ದು ಒಂದೇ ಒಂದು ಅವತ್ತು ಕೈತಪ್ಪಿರಲಿಲ್ಲ. ಕೋವಿಯ ಬಾಯಿ ಮೇಲಕ್ಕಿತ್ತು. ಉಳಿದ ಎಲ್ಲದರಲ್ಲೂ ನಾನು ತಪ್ಪಿದ್ದೆ. ಅಮ್ಮ ಹದಿನೈದು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಎರಡು ವರ್ಷ ಆದ ಮೇಲೆ ಕಲಿಸಲು ಶುರು ಮಾಡಿದೆ. ಮೊದಲ ಪಾಠ ಅವತ್ತಿನಿಂದ ಇವತ್ತಿನವರೆಗೂ ಒಂದೇ. ಕೋವಿ ಮಡಚು. ಬಾಯಿಯನ್ನು ಖಾಲಿ ಕಡೆಗೆ ಹಿಡಿದೇ, ಹಿಂದಿನಿಂದ ಎರಡೂ ನಳಿಗೆಯೊಳಗೆ ನೋಡು. ಎರಡು ದುಂಡನೆಯ ಬೆಳಕು ಕಾಣಬೇಕು. ಒಂದು ಕಂಡರೆ ಸಾಲದು. ಕತ್ತಲಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡು. ನಾನು ಈಗ ತಾನೇ ನೋಡಿ ನಿನ್ನ ಕೈಗೆ ಕೊಟ್ಟರೂ ನೀನು ಮತ್ತೆ ನೋಡು. ಕೆಲವರು ಇದಕ್ಕೆ ಬೇಸರ ಮಾಡಿಕೊಳ್ಳುತ್ತಾರೆ. ಅಂಥವರಿಗೆ ನಾನು ಫೀಸು ವಾಪಸ್ ಕೊಟ್ಟು ಕಳಿಸುತ್ತೇನೆ.

2025ರ ಫೆಬ್ರವರಿಯಲ್ಲಿ ನಮ್ಮ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ ಆದದ್ದು ನಿನಗೆ ನೆನಪಿದೆಯಲ್ಲ. ಹೊಟ್ಟೆಪಾಡಿಗೆ ಬಂಗಾಳದಿಂದ ಬಂದಿದ್ದ ಸಂಸಾರ. ಕೈಗೆ ಸಿಕ್ಕಿದ ಕೋವಿಯನ್ನು ಒಬ್ಬ ಹುಡುಗ ಆಟಕ್ಕೆ ಎತ್ತಿಕೊಂಡ. ಗುಂಡು ಹಾರಿತು. ಪುಟ್ಟ ಮಗು ಹೋಯಿತು, ತಾಯಿಗೂ ಗಾಯ. ಪೇಪರಿನಲ್ಲಿ ಓದಿ ನಾನು ಅವತ್ತು ಕ್ಲಾಸ್ ತೆಗೆದುಕೊಳ್ಳಲಿಲ್ಲ. ಆ ಮಗು ನಮ್ಮ ಚಿನ್ನುವಿನ ವಯಸ್ಸಿನದು. ಕಳ್ಳ ಬಂದಿರಲಿಲ್ಲ, ಜಗಳ ಇರಲಿಲ್ಲ, ಯಾರಿಗೂ ಯಾರ ಮೇಲೂ ದ್ವೇಷ ಇರಲಿಲ್ಲ. ಬೀಗ ಇರಲಿಲ್ಲ, ಅಷ್ಟೇ.

ನಿನ್ನ ತಮ್ಮ ಟೆಕ್ಸಾಸ್‌ನಿಂದ ಬಂದೂಕಿನ ಅಂಗಡಿಗಳ ವಿಡಿಯೋ ಕಳಿಸಿ, "ಇಲ್ಲಿ ಇದು ಹಕ್ಕು ಅಪ್ಪ" ಅನ್ನುತ್ತಾನೆ. ಹೌದು, ಅಲ್ಲಿ 1791ರಲ್ಲೇ ಸಂವಿಧಾನಕ್ಕೆ ಎರಡನೇ ತಿದ್ದುಪಡಿ ಸೇರಿತು. ಮನೆಯಲ್ಲಿ ಆತ್ಮರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳೋದು ಪ್ರತಿಯೊಬ್ಬರ ಹಕ್ಕು ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ನಮ್ಮ ದಾರಿ ಬೇರೆ. ಬ್ರಿಟಿಷರು 1878ರ ಕಾಯ್ದೆಯಿಂದ ನಮ್ಮವರ ಕೈಯಿಂದ ಆಯುಧ ಕಿತ್ತುಕೊಂಡರು ಅನ್ನೋ ಸಿಟ್ಟು ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ದೊಡ್ಡದಾಗಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಆಯುಧ ಹೊಂದುವುದನ್ನು ಮೂಲಭೂತ ಹಕ್ಕಾಗಿ ಸೇರಿಸಿ ಅಂತ ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಹಾಗಾಗಿ ಇಲ್ಲಿ ಜೀವ ಉಳಿಸಿಕೊಳ್ಳೋದು ಹಕ್ಕು, ಕೋವಿ ಇಟ್ಟುಕೊಳ್ಳೋದು ಸರ್ಕಾರ ಕೊಡುವ ಅನುಮತಿ. ಕೊಡಗಿನ ನಿನ್ನ ಗೆಳತಿಯ ಮನೆಯ ಮಾತು ಬೇರೆ. ಅವರಂಥ ಕೊಡವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಅಲ್ಲಿ ಗಂಡುಮಗು ಹುಟ್ಟಿದಾಗಲೂ ಗುಂಡು ಹಾರಿಸುತ್ತಾರೆ, ಸತ್ತಾಗಲೂ ಹಾರಿಸುತ್ತಾರೆ. ಕೋವಿಯ ಜೊತೆ ಹೇಗಿರಬೇಕು ಅಂತ ಮಕ್ಕಳು ಅಜ್ಜಂದಿರನ್ನು ನೋಡಿಯೇ ಕಲಿಯುತ್ತಾರೆ.

ಈ ವಿಷಯದಲ್ಲಿ ನಾನು ಅಂಬೇಡ್ಕರ್ ಪರ. ಕಲಿಯಲು ಬರುವವರನ್ನು ದಿನಾ ನೋಡುವವನು ನಾನು. ಎಲ್ಲರ ಕೈಗೂ ಕೊಡುವ ವಸ್ತು ಇದಲ್ಲ. ಆದರೆ ಅನುಮತಿ ಕೊಡುವ ರೀತಿಯಲ್ಲಿ ನ್ಯಾಯ ಇಲ್ಲ ಅನ್ನೋದೂ ನಿಜ. ಸೊಂಟಕ್ಕೆ ಸಿಕ್ಕಿಸಿಕೊಂಡು ಮದುವೆ ಮನೆಗೆ ಹೋಗುವವರಿಗೆ ಲೈಸೆನ್ಸ್ ಸಲೀಸಾಗಿ ಸಿಗುತ್ತದೆ. ಒಂಟಿ ಮನೆಯ ಹೆಂಗಸು ಅರ್ಜಿ ಹಾಕಿದರೆ "ಗಂಡ ಇಲ್ವಾ?" ಅಂತ ಕೇಳುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಎಲ್ಲರ ಹಾಗೆ ನಾನೂ ಕೋವಿಯನ್ನು ಠಾಣೆಗೆ ಕೊಟ್ಟೆ. ಮಾರ್ಚ್‌ನಲ್ಲಿ ಕೊಟ್ಟದ್ದು, ಜೂನ್‌ನಲ್ಲಿ ವಾಪಸ್ ಬಂತು. ನಳಿಗೆ ಒಳಗೆಲ್ಲ ತುಕ್ಕು. ಅಜ್ಜ ಐವತ್ತು ವರ್ಷ ಎಣ್ಣೆ ಹಚ್ಚಿ ಕಾಪಾಡಿದ ನಳಿಗೆ ಅದು. ಮೂರು ದಿನ ಕೂತು ಉಜ್ಜಿದೆ. ಅದೇ ತಿಂಗಳುಗಳಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡಿದ್ದ ನಮ್ಮೂರ ರೈತರು ಹಂದಿ ಓಡಿಸಲು ಪಟಾಕಿ ಹುಡುಕುತ್ತಿದ್ದರು.

ನಿರ್ಭೀಕ್ ರಿವಾಲ್ವರ್ ಬಗ್ಗೆಯೂ ಕೇಳಿದ್ದೆ. ಹೆಂಗಸರಿಗೆ ಅಂತಲೇ 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದದ್ದು, .32 ಬೋರ್, ಅರ್ಧ ಕಿಲೋ ತೂಕ. ಒಂದು ಲಕ್ಷದ ಮೇಲೆ ಬೆಲೆ ಇಟ್ಟು ಹೆಂಗಸರ ಸುರಕ್ಷತೆ ಅಂದರು, ನನಗೆ ಆಗಲೇ ಹಿಡಿಸಲಿಲ್ಲ. ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ. ಗಿಡ್ಡ ನಳಿಗೆ, ಗಟ್ಟಿ ಕುದುರೆ. ಹೊಸಬರು ಕುದುರೆ ಸೆಳೆದ ತಕ್ಷಣ ಬಾಯಿ ಕೆಳಕ್ಕೆ ಬಾಗುತ್ತದೆ, ಗುಂಡು ನೆಲಕ್ಕೆ. ಹಾಗಂತ ಜೋಡಿನಳಿಗೆ ಸುಲಭ ಅಂತಲೂ ಅಲ್ಲ. ಆ ಕಡೆ ತಿರುಗಿಸಿ ಹೊಡೆದರೆ ತೋಟಾದೊಳಗಿನ ಸಣ್ಣ ಗುಂಡು, ಚರೆ, ಹರಡಿ ಹೇಗೋ ತಗಲುತ್ತದೆ ಅಂತ ಜನ ನಂಬಿದ್ದಾರೆ. ನಿನ್ನ ಕೋಣೆಯ ಉದ್ದಕ್ಕೆ ಅದು ಹರಡೋದು ಹೆಚ್ಚೆಂದರೆ ಅಂಗೈ ಅಗಲ. ಗುರಿ ಇಡಲೇಬೇಕು. ಅದೂ ಕತ್ತಲಲ್ಲಿ, ಕೈ ನಡುಗುವಾಗ. ಬಾಗಿಲು ತಟ್ಟಿದವನು ಯಾರು ಅಂತ ಮುಖ ನೋಡಿ ತಿಳಿಯುವ ಮೊದಲು ಕುದುರೆಯ ಮೇಲೆ ಬೆರಳು ಇಡುವ ಹಾಗೇ ಇಲ್ಲ. ಬಸ್ಸು ತಪ್ಪಿ ಹೇಳದೆ ಕೇಳದೆ ಮನೆಗೆ ಬಂದ ಗಂಡನೂ ಇರಬಹುದು ಅಲ್ವಾ.

ಇಷ್ಟು ಹೇಳಿಯೂ ಕೋವಿಯನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ. 25 ವರ್ಷ ಲೈಸೆನ್ಸ್ ಇಟ್ಟುಕೊಂಡವನು ವಾರಸುದಾರರಿಗೆ ಕೊಡಬಹುದು ಅಂತ 2016ರ ನಿಯಮದಲ್ಲಿದೆ. ನನ್ನದು 1991ರದ್ದು. ಅರ್ಜಿ ಮಂಡ್ಯ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಪೊಲೀಸ್ ವಿಚಾರಣೆ ಆಗುತ್ತದೆ. ಲೈಸೆನ್ಸ್ ಸಿಕ್ಕರೆ 5 ವರ್ಷಕ್ಕೆ. ತರಬೇತಿ ಪ್ರಮಾಣಪತ್ರಕ್ಕೆ ಮಾತ್ರ ನಾನು ಸಹಿ ಹಾಕುವುದಿಲ್ಲ. ಮಗಳ ತಪ್ಪು ಅಪ್ಪನ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. ನನಗಿಂತ ಕಟ್ಟುನಿಟ್ಟಿನ ಇನ್ನೊಬ್ಬರ ಹತ್ತಿರ ಕಳಿಸುತ್ತೇನೆ. ಅದಕ್ಕೂ ಮೊದಲು ಆರು ತಿಂಗಳು ಪ್ರತಿ ಭಾನುವಾರ ನನ್ನ ಜೊತೆ ಏರ್ ಪಿಸ್ತೂಲು. ಅದಾದ ಮೇಲೂ ಬೇಕು ಅನ್ನಿಸಿದರೆ ಅರ್ಜಿ ಬರೆಯೋಣ. ಬೇಡ ಅನ್ನಿಸಿದರೆ ನನಗೆ ಬೇಜಾರಿಲ್ಲ. ಕೋವಿ ಇಲ್ಲೇ ಇರುತ್ತದೆ.

ಅಷ್ಟರಲ್ಲಿ ಮಾಡುವ ಕೆಲಸ ಇದೆ. ಮುಂಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹಾಕಿಸು. ಮಲಗುವ ಕೋಣೆಗೆ ಗಟ್ಟಿ ಬಾಗಿಲು, ಒಳಗೆ ಚಾರ್ಜ್ ಇರುವ ಫೋನು. ರಾತ್ರಿ ಸದ್ದಾದರೆ ಚಿನ್ನುವನ್ನು ಎತ್ತಿಕೊಂಡು ಆ ಕೋಣೆಗೆ ಹೋಗಿ ಅಗುಳಿ ಹಾಕಿ 112ಕ್ಕೆ ಫೋನ್ ಮಾಡು. ಕೋವಿ ಬಂದ ಮೇಲೂ ಇದೇ ಮೊದಲು.

ಮೈಸೂರಿನಲ್ಲಿ ಒಬ್ಬರು ಉಕ್ಕಿನ ಪೆಟ್ಟಿಗೆ ಮಾಡಿಕೊಡುತ್ತಾರೆ, ಮಾತಾಡಿದ್ದೇನೆ. ಕೋವಿಗೆ ಒಂದು, ತೋಟಾಗಳಿಗೆ ಬೇರೆ ಒಂದು, ಎರಡಕ್ಕೂ ಬೇರೆ ಬೇರೆ ಬೀಗ. ಹಿಂದಿನಿಂದ ಗೋಡೆಗೆ ಬೋಲ್ಟ್ ಹಾಕಬೇಕು. ನಿನ್ನ ಕೋಣೆಯ ಪಡುವಣ ಗೋಡೆ ಇಟ್ಟಿಗೆಯದಾ, ಹಳೇ ಮಣ್ಣಿನದಾ ಒಂದು ಮೊಳೆ ಹೊಡೆದು ನೋಡು. ಚಿನ್ನು ಕುರ್ಚಿ ಮೇಲೆ ಹತ್ತಿ ಕೈ ಚಾಚಿದರೆ ಎಷ್ಟು ಎತ್ತರ ಮುಟ್ಟುತ್ತಾನೆ ಅಂತಲೂ ಅಳೆದುಕೊಂಡು ಬಾ. ಭಾನುವಾರ ಎಂಟಕ್ಕೆ ಕಾಯುತ್ತಿರುತ್ತೇನೆ. ಅಮ್ಮ ಬಸ್ಸಾರು ಮಾಡುತ್ತಾಳಂತೆ.

ನಿನ್ನ ಅಪ್ಪ