ಕಲ್ಲು ಬೇಡ, ಮರವೇ ಇರಲಿ

ಚಿಕ್ಕಬಳ್ಳಾಪುರ

ಪ್ರೀತಿಯ ಗೆಳೆಯಾ,

ನಿಮ್ಮಪ್ಪನವರ ನೆನಪಿಗೆ ನಮ್ಮ ಚರ್ಚಿಗೆ ಗ್ರಾನೈಟ್ ಮೇಜು ಮಾಡಿಸಿಕೊಡುತ್ತೇನೆ ಎಂದು ಬರೆದಿದ್ದೀಯ. ಕಮಿಟಿಯಲ್ಲಿ ಎಲ್ಲರಿಗೂ ಖುಷಿ. ತಕರಾರು ತೆಗೆದವನು ನಾನೊಬ್ಬನೇ. ಬೇರೆಯವರು ನಿನ್ನ ಕಿವಿಗೆ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ.

ಈ ಕಡೆ ಕಲ್ಲಿಗೇನು ಬರವಿಲ್ಲ, ದುಡ್ಡಿನ ಮಾತೂ ಅಲ್ಲ. ಕರ್ತನ ಭೋಜನವನ್ನು, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯನ್ನು, ಕಲ್ಲಿನ ಬಲಿಪೀಠದಿಂದ ಮರದ ಮೇಜಿಗೆ ತರಲು ನಮ್ಮ ಹಿಂದಿನವರು ದೊಡ್ಡ ಜಗಳವನ್ನೇ ಆಡಿದ್ದಾರೆ. 1525ರ ಈಸ್ಟರ್ ಸಮಯದಲ್ಲಿ ಜೂರಿಕ್‌ನಲ್ಲಿ ಸಭಾ ಸುಧಾರಕ ಜ್ವಿಂಗ್ಲಿ ಜನರ ಹತ್ತಿರಕ್ಕೇ ಮೇಜು ಹಾಕಿಸಿದರು. ತಟ್ಟೆ, ಬಟ್ಟಲು ಎಲ್ಲಾ ಮರದ್ದೇ. ಬೆಳ್ಳಿ ಬಂಗಾರ ಬೇಡ ಅಂದರು. 1550ರಲ್ಲಿ ಲಂಡನ್ ಬಿಷಪ್ ನಿಕೊಲಸ್ ರಿಡ್ಲಿ ತಮ್ಮ ಚರ್ಚುಗಳ ಬಲಿಪೀಠ ತೆಗೆಸಿ ಮೇಜು ಇಡಿಸಿದರು. ಬಲಿಪೀಠ ಇರುವುದು ಬಲಿ ಕೊಡಲು, ಮೇಜು ಇರುವುದು ಊಟಕ್ಕೆ ಎನ್ನುವುದು ಅವರ ವಾದ. ಕ್ರಿಸ್ತನು ಒಂದೇ ಸಲಕ್ಕೆ ಬಲಿಯಾಗಿ ಮುಗಿದ ಮೇಲೆ ಮತ್ತೆ ಬಲಿಪೀಠ ಯಾಕೆ, ಅಲ್ವಾ? ಇಂಗ್ಲೆಂಡ್ ಚರ್ಚಿನ 1552ರ ಪ್ರಾರ್ಥನಾ ಪುಸ್ತಕದ ಪ್ರಕಾರ ಭೋಜನದ ಹೊತ್ತಿಗೆ ಮೇಜನ್ನು ಸಭೆ ಕೂರುವ ಕಡೆಗೂ ತಂದಿಡಬಹುದಿತ್ತು. ನಿನ್ನ ಗ್ರಾನೈಟನ್ನು ಎತ್ತಲು ಕ್ರೇನೇ ಬೇಕು!

ಜರ್ಮನಿಯ ಸುಧಾರಕ ಲೂಥರ್ ಕಡೆಯವರು ಬಲಿಪೀಠ ಉಳಿಸಿಕೊಂಡರು, ನಿಜ. ಅದರಿಂದ ಅವರ ಭಕ್ತಿಗೇನೂ ಕುಂದಿಲ್ಲ. ಆದರೆ ನಮ್ಮದು ದಕ್ಷಿಣ ಭಾರತ ಸಭೆ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಪಂಗಡಗಳೆಲ್ಲಾ ಕೂಡಿ ಒಂದಾದ ಮೇಲೆ 1950ರಲ್ಲಿ ಹೊಸ ಆರಾಧನಾ ಕ್ರಮ ಬಂತು. ಅದರಲ್ಲಿ ಅಯ್ಯನವರು (ಪಾದ್ರಿ) ಮೇಜಿನ ಹಿಂದೆ, ಜನರಿಗೆ ಮುಖ ಮಾಡಿ ನಿಲ್ಲುತ್ತಾರೆ. ನಾವೆಲ್ಲ ಈಚೆ, ಅವರು ಆಚೆ, ನಡುವೆ ಊಟ. ಈಗಿನ ಪ್ಲಾನ್ ನೋಡಿದೆ, ಕಲ್ಲನ್ನು ಗೋಡೆಗೇ ಅಂಟಿಸಿದ್ದಾರೆ. ಅಯ್ಯನವರು ನಮಗೆ ಬೆನ್ನು ತೋರಿಸಿಯೇ ರೊಟ್ಟಿ ಮುರಿಯಬೇಕು.

ಇನ್ನು ಹೆಸರಿನ ವಿಷಯ. ಮೇಜಿನ ಎದುರಿನ ಪಟ್ಟಿಯಲ್ಲಿ ಅಪ್ಪನವರ ಹೆಸರು ಬಂಗಾರದ ಅಕ್ಷರದಲ್ಲಿ ಬರಲಿ ಎಂದಿದ್ದೀಯ. ಆ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಅಂತ ನಿನಗೆ ಗೊತ್ತು, ಯೇಸುವಿನ ಮಾತು: ‘ನನ್ನನ್ನು ನೆನಸಿಕೊಳ್ಳುವುದಕ್ಕೋಸ್ಕರ ಹೀಗೆ ಮಾಡಿರಿ.’ ಅಲ್ಲಿ ಇನ್ನೊಬ್ಬರ ನೆನಪು ಬರೆಯಲು ನನ್ನ ಕೈ ಬರುವುದಿಲ್ಲ. ಅಪ್ಪನವರಿಗೂ ಮುಜುಗರ ಆಗುತ್ತಿತ್ತು. ಕರ್ತನ ಭೋಜನಕ್ಕೆ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ ಮನುಷ್ಯ ಅವರು. ಬೆಂಗಳೂರು ಬ್ಲೂ ದ್ರಾಕ್ಷಿ ತಂದು ರಸಕ್ಕೆ ಕೊಟ್ಟು, ಯಾರಿಗೂ ಹೇಳದೆ ಹೋಗುತ್ತಿದ್ದರು.

ಹಲಸಿನ ಮರದಲ್ಲಿ ಮಾಡಿಸೋಣ. ನಾಲ್ಕು ಕಾಲು, ಮೇಲೆ ಬಿಳಿ ಬಟ್ಟೆ. ಎದುರಿಗೆ ಯೇಸುವಿನ ಆ ಮಾತು, ಅಪ್ಪನವರ ಹೆಸರು ಹಿಂದುಗಡೆ, ಚಿಕ್ಕದಾಗಿ. ಉಳಿದ ದುಡ್ಡಲ್ಲಿ ಮಳೆ ಸೋರುವ ಹಂಚು ಬದಲಾಯಿಸಬಹುದು, ಅದು ನಿನ್ನಿಷ್ಟ. ಬಡಗಿ ಅಳತೆ ಕೇಳುತ್ತಿದ್ದಾನೆ. ಭಾನುವಾರದ ಕಮಿಟಿಗೆ ಮುಂಚೆ ಫೋನ್ ಮಾಡು, ಬೈಯುವುದಿದ್ದರೂ ಸರಿ.

ನಿನ್ನ ಗೆಳೆಯ