ಸಂಜೆಯ ಜ್ವರದ ಕುರಿತು ಅಪ್ಪಿಗೆ

ಸಾಗರ, ಭಾನುವಾರ

ಚಿರಂಜೀವಿ ಅಪ್ಪಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ದಿನವಾಯಿತು. ಹನ್ನೊಂದು ದಿನದ ಜ್ವರ, ಮಾಡಿಸಿದ ಪರೀಕ್ಷೆಗಳು, ರಜೆಯ ಚಿಂತೆ, ಇವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಆಗಲೇ ಹೇಳಿದ್ದಳು. ನನ್ನ ನಿದ್ದೆ ಕೆಡಿಸಿದ್ದು ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ನೀನು ಬರೆದ ಕೊನೆಯ ಸಾಲು: “ರಿಪೋರ್ಟುಗಳೆಲ್ಲ ನಾರ್ಮಲ್ ಎಂದೇ ಬರುತ್ತಿವೆ ಮಾವ, ಇದು ನಾನೇ ಕಲ್ಪಿಸಿಕೊಂಡ ಜ್ವರವೇನೋ ಎಂದು ನನಗೇ ಅನುಮಾನ ಬರುತ್ತಿದೆ.”

ಹೆಸರು ಸಿಗದ ಮಾತ್ರಕ್ಕೆ ಜ್ವರ ಸುಳ್ಳಾಗುವುದಿಲ್ಲ ಅಪ್ಪಿ. 1957ರಲ್ಲಿ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನ ಸುತ್ತಲಿನ ಜನ ಒಬ್ಬರ ಹಿಂದೊಬ್ಬರು ಮಲಗಿದಾಗ ಅವರ ಜ್ವರಕ್ಕೂ ಹೆಸರಿರಲಿಲ್ಲ. ಮೊದಲು ಟೈಫಾಯ್ಡ್ ಎಂದುಕೊಂಡರು. ಮಂಗಗಳು ಸತ್ತು ಬೀಳುತ್ತಿದ್ದುದರಿಂದ ಹಳದಿ ಜ್ವರವೋ ಎಂಬ ಆತಂಕವೂ ಹುಟ್ಟಿತು. ಉಣುಗಿನಿಂದ ಹರಡುವ ಹೊಸದೊಂದು ವೈರಸ್ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಂಡುಹಿಡಿಯುವ ಮೊದಲೂ ಆ ಜನರ ಮೈ ಸುಡುತ್ತಲೇ ಇತ್ತು. ನಿನ್ನ ರಿಪೋರ್ಟಿನ ‘ನೆಗೆಟಿವ್’ ಎಂಬ ಮಾತಿಗೂ, ಆ ಒಂದು ಕಾಯಿಲೆ ಆ ದಿನದ ರಕ್ತದಲ್ಲಿ ಕಾಣಲಿಲ್ಲ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಟೈಫಾಯ್ಡಿನ ವೈಡಾಲ್ ಪರೀಕ್ಷೆ ಮೊದಲ ವಾರದಲ್ಲಿ ಏನನ್ನೂ ಹೇಳದಿರಬಹುದು. ಡೆಂಗಿಯ ಎನ್‌ಎಸ್1 ಪರೀಕ್ಷೆ ವಾರ ಕಳೆದ ಮೇಲೆ ತಪ್ಪಿಸಿಕೊಳ್ಳಬಹುದು.

ವೈದ್ಯನಲ್ಲದವನು ಇಷ್ಟು ಮಾತನಾಡಬಾರದು, ಆದರೂ ಒಂದನ್ನು ಕೇಳುತ್ತೇನೆ. ದೀಪಾವಳಿಗೆ ಬಂದಾಗ ದನಗಳ ಸರಕ್ಕೆ ಪಚ್ಚೆತೆನೆ ಹುಡುಕುತ್ತಾ ಇಡೀ ಮಧ್ಯಾಹ್ನ ತೋಟದ ಮೇಲಿನ ಬೆಟ್ಟದಲ್ಲಿ ಅಲೆದೆಯಲ್ಲ, ಅದನ್ನು ಅಲ್ಲಿನ ಡಾಕ್ಟರರಿಗೆ ಹೇಳಿದ್ದೀಯಾ? ಬೆಂಗಳೂರಿನ ರೂಮಿನಲ್ಲಿ ಮಲಗಿರುವ ಹುಡುಗನನ್ನು ನೋಡಿದವರಿಗೆ ಬೆಟ್ಟದ ನೆನಪು ಹೇಗೆ ಬರಬೇಕು? ಸ್ಕ್ರಬ್ ಟೈಫಸ್ ಎಂಬುದೊಂದಿದೆ, ಪೊದೆ ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿ ಬರುವಂಥದ್ದು. ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಏಳಬಹುದು. ನೋವೂ ಇಲ್ಲ, ತುರಿಕೆಯೂ ಇಲ್ಲ, ಆದ್ದರಿಂದ ಗೊತ್ತೇ ಆಗುವುದಿಲ್ಲ. ಕಂಕುಳು, ಸೊಂಟದ ಪಟ್ಟಿ, ತೊಡೆಯ ಸಂದುಗಳನ್ನು ಕನ್ನಡಿ ಹಿಡಿದು ನೋಡಿಕೋ. ಕಂಡರೂ ಕಾಣದಿದ್ದರೂ ಬೆಟ್ಟಕ್ಕೆ ಹೋದದ್ದನ್ನು ಹೇಳು. ಅಂಗಡಿಯಿಂದ ಮಾತ್ರೆ ತಂದು ನೀನಾಗಿ ನುಂಗಬೇಡ.

ಮತ್ತೆ ನಿನ್ನ ಆ ಸಾಲಿಗೇ ಬರುತ್ತೇನೆ. ಅದನ್ನು ಓದಿದಾಗ ನನಗೆ ನಿನ್ನ ಚಿಕ್ಕಮ್ಮನ ದನಿ ಕೇಳಿಸಿತು. ಅವಳ ಕಾಯಿಲೆಯ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬರೆಯುವುದಿಲ್ಲ. ನಾನು ಯಾರಿಗೂ ಹೇಳದೆ ಉಳಿಸಿಕೊಂಡದ್ದು ಒಂದಿದೆ. 1984ರಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಎರಡನೆಯ ವರ್ಷ. ದಿನಾ ಬೆಳಿಗ್ಗೆ ಏಳಕ್ಕೆ, ಬಸ್ಸಿಗೆ ಹೊರಡುವ ಮೊದಲು, ಅವಳ ನಾಲಗೆಯಡಿ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದೆ, 97.8, 98, ಅದರ ಮೇಲೆ ಏರಿದ್ದೇ ಇಲ್ಲ. ಸಂಜೆ ಮೈ ಕಾಯುತ್ತದೆ ಅಣ್ಣಾ ಎಂದು ಅವಳು ಹೇಳುತ್ತಲೇ ಇದ್ದಳು, ಸಂಜೆ ನಾನು ಮಕ್ಕಳಿಗೆ ವಾಲಿಬಾಲ್ ಆಡಿಸಿ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದೆ. ಮೈಶಾಖ ಬೆಳಗಿನಲ್ಲಿ ತಗ್ಗಿ ಸಂಜೆಗೆ ಏರುತ್ತದೆಂದು ತಿಳಿದಿರಬೇಕಾದವನೇ ನಾನು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೆದರಿಕೆಗೆ ಹೀಗಾಡುತ್ತಾಳೆ ಎಂದು ಅಪ್ಪಯ್ಯನಿಗೆ ಹೇಳಿಬಿಟ್ಟೆ, ಮೇಷ್ಟ್ರ ಮಾತೆಂದು ಅವರೂ ನಂಬಿದರು.

ಕಿಟಕಿಯಲ್ಲಿರಬೇಕಾದ ಥರ್ಮಾಮೀಟರ್ ಒಂದು ಬೆಳಿಗ್ಗೆ ಅವಳ ದಿಂಬಿನಡಿ ಇತ್ತು. ಅಲ್ಲಿಗೇಕೆ ಬಂತೆಂದು ಯೋಚಿಸದೆ, ರೂಢಿಯಂತೆ ತೆಗೆದು ಮೂರು ಸಲ ಕೊಡವಿದೆ. ಅವಳು ಏನನ್ನೋ ಹೇಳಲು ಕೈ ಚಾಚಿದವಳು ಹಾಗೇ ಗೋಡೆಯ ಕಡೆ ತಿರುಗಿ ಮಲಗಿದಳು. ಕೊಡವುವವರೆಗೂ ಪಾದರಸ ಏರಿದಲ್ಲೇ ನಿಲ್ಲುತ್ತದೆ, ಬುರುಡೆಯ ಮೇಲಿನ ಕಿರಿದಾದ ಕಂಠ ಅದನ್ನು ಇಳಿಯಗೊಡುವುದಿಲ್ಲ ಎಂದು ಅವಳ ತರಗತಿಗೆ ಪಾಠ ಮಾಡಿದ್ದವನು ನಾನು. ಹಿಂದಿನ ಸಂಜೆಯ ಜ್ವರವನ್ನು ನನಗೆ ತೋರಿಸಲೆಂದು ಅವಳು ರಾತ್ರಿಯಿಡೀ ಜೋಪಾನ ಮಾಡಿಟ್ಟಿದ್ದಳು. ಕ್ಷಯವೆಂದು ಗೊತ್ತಾಗಿ, ಪಕ್ಕೆಯಿಂದ ನೀರು ತೆಗೆದ ದಿನ ಆಸ್ಪತ್ರೆಯ ಮಂಚದ ಮೇಲೆ ಅವಳೇ ಇದನ್ನು ಹೇಳಿದಳು. ಬೈಯಲಿಲ್ಲ, 102 ಇತ್ತು ಅಣ್ಣಾ, ಎಂದಳು ಅಷ್ಟೆ. ಆ ಕಾಲದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನುಗಳು ಅವಳ ಕಿವಿಗೆ ಮಾಡಿದ್ದನ್ನು ನೀವೆಲ್ಲ ಬಲ್ಲಿರಿ. ಫೋನಿನಲ್ಲಿ ಅವಳೊಂದಿಗೆ ಗಟ್ಟಿಯಾಗಿ ಮಾತಾಡುವಾಗಲೆಲ್ಲ ನನಗೆ ಆ ದಿಂಬು ಕಣ್ಣಿಗೆ ಬರುತ್ತದೆ.

ನಿನ್ನದು ಕ್ಷಯವೆಂದು ಹೆದರಿಸಲು ಇದನ್ನು ಬರೆಯಲಿಲ್ಲ. ನಮ್ಮ ಮನೆಯಲ್ಲಿ ಇನ್ನೊಬ್ಬರು ತಮ್ಮ ಜ್ವರವನ್ನು ತಾವೇ ನಂಬದಂತಾದರೆ ನನ್ನಿಂದ ಸಹಿಸಲಾಗದು.

ಉಳಿದವು ಚಿಲ್ಲರೆ ಮಾತುಗಳು, ಬೇಸರಿಸಬೇಡ. ಅಳೆದ ಮೇಲೆಯೇ ಪ್ಯಾರಾಸಿಟಮಾಲ್ ನುಂಗು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಬ್ರೂಫೆನ್ ಮುಟ್ಟಬೇಡ. ಏದುಸಿರು, ಬಿಡದ ಹೊಟ್ಟೆನೋವು, ವಸಡಿನಲ್ಲಿ ರಕ್ತ, ಮಾತಿನಲ್ಲಿ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಅಮ್ಮನಿಗೆ ಫೋನು ಮಾಡುತ್ತಾ ಕೂರದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗು. ಗಂಜಿಗೆ ಉಪ್ಪು ಹಾಕಿಕೋ. ಬೆಳಿಗ್ಗೆ ಆರಕ್ಕೂ ಸಂಜೆ ಐದಕ್ಕೂ ಅಳೆದು ಬರೆದಿಡು.

ಈಗಿನ ಥರ್ಮಾಮೀಟರ್ ಸ್ವಲ್ಪ ಹೊತ್ತಿಗೆ ತಾನಾಗಿ ಆರಿಹೋಗುತ್ತದೆ. ಆರುವ ಮೊದಲು ಫೋಟೋ ತೆಗೆದು ದಿನಾ ಸಂಜೆ ನನಗೆ ಕಳಿಸು. ಐದು ಗಂಟೆಗೆ ನಾನು ಜಗುಲಿಯಲ್ಲಿ ಫೋನು ಹಿಡಿದೇ ಕೂತಿರುತ್ತೇನೆ.

ನಿನ್ನ ಮಾವ